ನಿಂತ ಕೇಸರ, ನಿಂತ ಶಲಾಕೆ: ಬಳ್ಳಿಗಳ ಗಂಡು ಹೂ ಹೆಣ್ಣು ಹೂಗಳ ಒಳರಚನೆ



ನಾಸಿಕ ಜಿಲ್ಲೆಯ ನಿಫಾಡ, ದಿಂಡೋರಿ, ಪಿಂಪಳಗಾವ್ ಬಸವಂತದ ಸುತ್ತಿನ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿ, ಅಂದರೆ ಕಡ್ಡಿ ಸವರುವ ಕೆಲಸ, ಮುಗಿದು ಐದಾರು ವಾರ ಕಳೆದರೆ ದ್ರಾಕ್ಷಿ ಹೂ ಬಿಡುತ್ತದೆ. ವಿಜಯಪುರ, ತಿಕೋಟಾ, ಜಮಖಂಡಿಯ ನಮ್ಮ ಬೆಳೆಗಾರರಿಗೂ ಈ ಕ್ರಮ ಗೊತ್ತಿದೆ. ಹೂ ಎಂದರೆ ಜೋಳದ ಕಾಳಿಗಿಂತ ಚಿಕ್ಕ ಹಸಿರು ಮೊಗ್ಗು. ಅದರ ಐದು ದಳಗಳು ತುದಿಯಲ್ಲಿ ಒಂದಕ್ಕೊಂದು ಬೆಸೆದಿರುತ್ತವೆ. ಹೀಗಾಗಿ ಅವು ತುದಿಯಲ್ಲಿ ಬಿರಿಯುವುದಿಲ್ಲ. ಬುಡದಲ್ಲಿ ಕಳಚಿ, ಇಡೀ ಟೊಪ್ಪಿಗೆ ಒಂದೇ ಸಲಕ್ಕೆ ಉದುರಿ ಬೀಳುತ್ತದೆ. ಆಗ ಹೊರಗೆ ಕಾಣುವುದು ಐದು ಕೇಸರ, ನಡುವೆ ಒಂದು ಅಂಡಾಶಯ. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿ.

ಅದೇ ಜಿಲ್ಲೆಯ ಪಶ್ಚಿಮಕ್ಕೆ, ಪೇಠ್, ಸುರಗಾಣಾ, ತ್ರ್ಯಂಬಕೇಶ್ವರದ ಕಾಡಂಚಿಗೆ ಮಳೆಗಾಲದಲ್ಲಿ ಹೋದರೆ ಇನ್ನೊಂದು ಬಳ್ಳಿ ಸಿಗುತ್ತದೆ. ಮರಾಠಿಯಲ್ಲಿ ಕರ್ಟುಲೆ, ನಮ್ಮಲ್ಲಿ ಮಡಹಾಗಲ, ಕರಾವಳಿಯ ಕೊಂಕಣಿ ಮನೆಗಳಲ್ಲಿ ಫಾಗಿಲ. ಸಸ್ಯವಿಜ್ಞಾನದಲ್ಲಿ ಮೊಮೋರ್ಡಿಕಾ ಡಯೋಯಿಕಾ. ಇದರಲ್ಲಿ ಗಂಡು ಹೂ ಒಂದು ಬಳ್ಳಿಯಲ್ಲಿ, ಹೆಣ್ಣು ಹೂ ಇನ್ನೊಂದು ಬಳ್ಳಿಯಲ್ಲಿ. ಹೂ ಬಿಡುವವರೆಗೆ ಯಾವುದು ಗಂಡು ಬಳ್ಳಿ ಎಂದು ಯಾರೂ ನೋಡಿ ಹೇಳಲಾರರು. ಬೀಜದಿಂದ ಬೆಳೆದರೆ ಅರ್ಧದಷ್ಟು ಬಳ್ಳಿಗಳು ಕಾಯಿ ಕೊಡದವೇ ಆಗಬಹುದು. ಅದಕ್ಕೇ ಬೆಳೆಗಾರರು ಲಿಂಗ ಗೊತ್ತಿರುವ ಬಳ್ಳಿಯ ಗೆಡ್ಡೆಯನ್ನು ನೆಡುತ್ತಾರೆ. ಎಂಟು ಹತ್ತು ಹೆಣ್ಣಿಗೆ ಒಂದು ಗಂಡು ಉಳಿಸಿಕೊಂಡು, ಅನೇಕ ಕಡೆ ಗಂಡು ಹೂ ಕಿತ್ತು ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ.

ಒಂದು ಜಿಲ್ಲೆ, ಎರಡು ಬಳ್ಳಿ, ಎರಡು ಬಗೆಯ ಹೂ. ಈ ಎರಡರ ನಡುವಿನ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂಬುದೇ ಇವತ್ತಿನ ನನ್ನ ವಿಷಯ. ಉತ್ತರ ಅರಳಿದ ಹೂವಿನಲ್ಲಿಲ್ಲ, ಮೊಗ್ಗಿನ ಒಳಗಿದೆ. ಗಂಡು ಹೂ, ಹೆಣ್ಣು ಹೂ ಎಂದು ನಾವು ಕರೆಯುವ ಬಹುಪಾಲು ಹೂಗಳು ಬಳ್ಳಿಯ ಮೇಲೆ ಎರಡೂ ಆಗಿಯೇ ಮೊದಲಾಗುತ್ತವೆ. ಆಮೇಲೆ ಒಂದು ಅಂಗ ಬೆಳೆಯುತ್ತದೆ, ಇನ್ನೊಂದು ನಿಲ್ಲುತ್ತದೆ. ಎಷ್ಟು ಬೆಳೆದ ಮೇಲೆ ನಿಂತಿತು ಎಂಬುದು ಕುಲದಿಂದ ಕುಲಕ್ಕೆ ಬೇರೆ. ಆ ನಿಲುಗಡೆಯನ್ನು ಓದುವುದೇ ಹೂವಿನ ಒಳರಚನೆಯ ಅಧ್ಯಯನ ಎಂದು ನಾನು ನಂಬಿದ್ದೇನೆ.

ಓದುವ ವಿಧಾನ ಹಳೆಯದು. ಬೇರೆ ಬೇರೆ ವಯಸ್ಸಿನ ಮೊಗ್ಗುಗಳನ್ನು ಕಿತ್ತ ಕೂಡಲೇ ಫಾರ್ಮಾಲಿನ್, ಅಸಿಟಿಕ್ ಆಮ್ಲ, ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ ಹಾಕಬೇಕು. ಆಲ್ಕೋಹಾಲಿನ ಪ್ರಮಾಣ ಹಂತಹಂತವಾಗಿ ಏರಿಸುತ್ತ ನೀರು ತೆಗೆದು, ಮೇಣದಲ್ಲಿ ಹುದುಗಿಸಿ, ಮೈಕ್ರೊಟೋಮಿನಲ್ಲಿ ಎಂಟು ಹತ್ತು ಮೈಕ್ರಾನ್ ದಪ್ಪದ ಸೀಳುಗಳನ್ನು ಸಾಲಾಗಿ ತೆಗೆಯಬೇಕು. ಸ್ಯಾಫ್ರನಿನ್ ಮತ್ತು ಫಾಸ್ಟ್ ಗ್ರೀನ್ ಬಣ್ಣ ಹಾಕಿದರೆ ನೀರು ಸಾಗಿಸುವ ಕ್ಸೈಲಮ್ ಕೆಂಪಾಗಿ, ಉಳಿದ ಮೃದು ಭಾಗ ಹಸಿರಾಗಿ ಕಾಣುತ್ತದೆ. ಒಂದು ಸೀಳು ನೋಡಿ ಏನನ್ನೂ ತೀರ್ಮಾನಿಸಲಾಗದು. ತೊಟ್ಟಿನಿಂದ ಶಲಾಕೆಯ ತುದಿಯವರೆಗೆ ಒಂದೂ ಬಿಡದೆ ಸಾಲಾಗಿ ನೋಡಿದರೆ ಮಾತ್ರ ಯಾವ ನಾಳಕೂರ್ಚ, ಅಂದರೆ ನೀರು ಆಹಾರ ಸಾಗಿಸುವ ನಾಳಗಳ ಕಟ್ಟು, ಎಲ್ಲಿ ಕವಲೊಡೆದು ಯಾವ ಅಂಗಕ್ಕೆ ಹೋಯಿತು ಎಂದು ತಿಳಿಯುತ್ತದೆ. ತಾಳ್ಮೆ ಬೇಡುವ ಕೆಲಸ. ಇವತ್ತಿನ ಪದವಿ ತರಗತಿಗಳಲ್ಲಿ ಇದಕ್ಕೆ ಸಮಯ ಕಡಿಮೆಯಾಗುತ್ತಿರುವುದು ನನಗೆ ನೋವಿನ ಸಂಗತಿ; ಯಾಕೆಂದರೆ ಜೀನುಗಳ ಬಗ್ಗೆ ಈಗ ಬರುತ್ತಿರುವ ಒಳ್ಳೆಯ ಸಂಶೋಧನೆಗಳೆಲ್ಲ ಕೊನೆಗೆ ಈ ಸೀಳುಗಳ ಮುಂದೆಯೇ ಬಂದು ನಿಲ್ಲುತ್ತವೆ.

ಸೌತೆ, ಹೀರೆ, ಹಾಗಲ, ಕುಂಬಳ, ತೊಂಡೆಗಳ ಕುಟುಂಬವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇವುಗಳ ಕಾಂಡದ ನಾಳಕೂರ್ಚಗಳಲ್ಲಿ ಕ್ಸೈಲಮ್‌ನ ಒಳಗೂ ಹೊರಗೂ, ಎರಡು ಕಡೆ, ಆಹಾರ ಸಾಗಿಸುವ ಫ್ಲೋಯೆಮ್ ಇರುತ್ತದೆ. ಹೆಣ್ಣು ಹೂವಿನಲ್ಲಿ ಅಂಡಾಶಯ ದಳಗಳ ಕೆಳಗಿರುತ್ತದೆ. ಹಿತ್ತಲಲ್ಲಿ ಹೀರೆ ಬಳ್ಳಿ ಹಬ್ಬಿಸಿದವರೆಲ್ಲ ಇದನ್ನು ಬಲ್ಲರು: ಹಳದಿ ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರಿಯ ತೊಟ್ಟಿದ್ದರೆ ಗಂಡು. ಆ ಪುಟ್ಟ ಕಾಯಿಯನ್ನು ಅಡ್ಡಲಾಗಿ ಸೀಳಿದರೆ ಅಂಡಾಶಯದ ಘಟಕಗಳಾದ ಮೂರು ಕಾರ್ಪೆಲ್‌ಗಳು ಕೂಡಿದ್ದು ತಿಳಿಯುತ್ತದೆ. ಅಡಿಗೆಮನೆಯಲ್ಲಿ ಹೆಚ್ಚಿದ ಸೌತೆಯ ಬಿಲ್ಲೆಯಲ್ಲೂ ಆ ಮೂರು ಪಾಲು ಸ್ಪಷ್ಟ. ಅಂಡಕಗಳು ಕಾರ್ಪೆಲ್ ಅಂಚುಗಳಿಗೆ ಅಂಟಿರುತ್ತವೆ. ಆದರೆ ಆ ಅಂಚುಗಳು ಗೋಡೆಯಿಂದ ಹೊರಟು ನಡುವಿನವರೆಗೆ ಬಂದು, ಅಲ್ಲಿಂದ ಮತ್ತೆ ಹೊರಕ್ಕೆ ಬಾಗುತ್ತವೆ. ಆದ್ದರಿಂದ ಬೀಜಗಳು ನಡುವಿನಿಂದ ಹುಟ್ಟಿದಂತೆ ಕಂಡರೂ ಮೂಲತಃ ಗೋಡೆಯವೇ. ಮೀರತ್‌ನ ವಿ. ಪುರಿ 1954ರಲ್ಲಿ ಈ ಕುಟುಂಬದ ಅಂಡಕಗಳ ಜೋಡಣೆಯನ್ನು ನಾಳಕೂರ್ಚಗಳ ದಾರಿ ಹಿಡಿದೇ ಚರ್ಚಿಸಿದರು. ಅದಕ್ಕೂ ಮೊದಲು, 1929ರಲ್ಲಿ, ಜಡ್ಸನ್ ಸೌತೆಯ ಹೆಣ್ಣು ಹೂವಿನ ನಾಳಜಾಲದ ಕುರಿತು ಬರೆದ ಪ್ರಬಂಧ ಅಮೆರಿಕನ್ ಜರ್ನಲ್ ಆಫ್ ಬಾಟನಿಯಲ್ಲಿ ಬಂದಿತ್ತು.

ಗಂಡು ಹೂವಿನಲ್ಲಿ ಕೇಸರಗಳು ಮೂರೇ ಇದ್ದಂತೆ ಕಾಣುತ್ತವೆ. ಲೆಕ್ಕಕ್ಕೆ ಐದು. ಎರಡೆರಡು ಜೊತೆಗೂಡಿ, ಒಂದು ಒಂಟಿಯಾಗಿ ಉಳಿದು, ಮೂರಾಗಿವೆ. ಒಂಟಿ ಕೇಸರದಲ್ಲಿ ಪರಾಗಕೋಶದ ಒಂದೇ ಪಾಲು, ಜೋಡಿಗಳಲ್ಲಿ ಎರಡು ಪಾಲು ಸಿಗುವುದೇ ಇದಕ್ಕೆ ಸಾಕ್ಷಿ. ಪರಾಗಕೋಶ ನೆಟ್ಟಗಿರುವುದಿಲ್ಲ, ಅಂಕುಡೊಂಕಾಗಿ ಮಡಿಕೆ ಬಿದ್ದಿರುತ್ತದೆ. ಹೀಗಾಗಿ ಒಂದೇ ಅಡ್ಡಸೀಳಿನಲ್ಲಿ ಒಂದೇ ಕೋಶ ಹಲವು ಸಲ ಎದುರಾಗಿ ಹೊಸ ವಿದ್ಯಾರ್ಥಿಯ ದಿಕ್ಕು ತಪ್ಪಿಸುತ್ತದೆ. ಅದರ ಗೋಡೆಯಲ್ಲಿ ಹೊರಚರ್ಮ, ನಾರಿನಂಥ ದಪ್ಪಗೆರೆಗಳುಳ್ಳ ಪದರ, ಆಮೇಲೆ ಬೇಗ ಕರಗುವ ನಡುಪದರ, ಒಳಗೆ ಪರಾಗಕ್ಕೆ ಪೋಷಣೆ ಕೊಡುವ ಟಪೀಟಮ್. ಕುಂಬಳದ ಪರಾಗ ಕಣ ಎಷ್ಟು ದೊಡ್ಡದೆಂದರೆ ಒಳ್ಳೆಯ ಬೆಳಕಿನಲ್ಲಿ ಬರಿಗಣ್ಣಿಗೂ ಒಂದೊಂದಾಗಿ ತೋರುತ್ತದೆ, ಮೈತುಂಬ ಮುಳ್ಳು.

ಈಗ ಮುಖ್ಯ ಸಂಗತಿ. ಗಂಡು ಹೂವಿನ ನಡುವೆ, ಕೇಸರಗಳ ಬುಡದಲ್ಲಿ, ಒಂದು ಗುಬುಟು ಇರುತ್ತದೆ. ಅದು ಬೆಳೆಯದೆ ಉಳಿದ ಹೆಣ್ಣು ಅಂಗ. ಮಕರಂದ ಜಿನುಗುವುದೂ ಆ ಬುಡದಲ್ಲೇ. ಹೆಣ್ಣು ಹೂವಿನಲ್ಲಿ ಶಲಾಕೆಯ ಸುತ್ತ ಮೂರು ಚಿಕ್ಕ ಮೊಳಕೆಗಳು ಉಳಿದಿರುತ್ತವೆ. ಅವು ಬೆಳೆಯದ ಕೇಸರಗಳು. ಸೌತೆಯ ಅತಿ ಎಳೆಯ ಮೊಗ್ಗುಗಳಲ್ಲಿ ಕೇಸರದ ಮೂಲವೂ ಕಾರ್ಪೆಲ್‌ನ ಮೂಲವೂ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಆ ಹಂತದಲ್ಲಿ ಯಾವ ಪರಿಣತರೂ ಇದು ಗಂಡಾಗುತ್ತದೆ, ಇದು ಹೆಣ್ಣಾಗುತ್ತದೆ ಎಂದು ರೂಪ ನೋಡಿ ಹೇಳಲಾರರು. ಬೀಜಿಂಗ್‌ನ ಸಂಶೋಧಕರು 2004ರಲ್ಲಿ ಇನ್ನೂ ಸೂಕ್ಷ್ಮವಾದುದನ್ನು ತೋರಿಸಿದರು: ನಿಲ್ಲುವುದು ಇಡೀ ಅಂಗವಲ್ಲ, ಬೀಜಕಗಳನ್ನು ಹೊರಬೇಕಾದ ಭಾಗ. ಹೆಣ್ಣು ಹೂವಿನಲ್ಲಿ ಪರಾಗಕೋಶದ ಬೆಳವಣಿಗೆ ನಿಲ್ಲುತ್ತದೆ, ಗಂಡು ಹೂವಿನಲ್ಲಿ ಅಂಡಾಶಯದ ಬೆಳವಣಿಗೆ ನಿಲ್ಲುತ್ತದೆ. ಉಳಿದದ್ದು ಕುಳ್ಳಗಾಗಿ ಹಾಗೇ ಇರುತ್ತದೆ.

ತಡೆಯುವುದು ಯಾವುದು? ಈ ಕುಟುಂಬದಲ್ಲಿ ಉತ್ತರದ ಬಹುಭಾಗ ಎಥಿಲೀನ್ ಎಂಬ ಅನಿಲ. ಮಾವು ಬಾಳೆ ಹಣ್ಣಾಗಲು ಕಾರಣವಾಗುವುದೂ ಅದೇ. ಮರಾಠವಾಡಾದಲ್ಲಿ ಬೇಸಿಗೆಗೆ ಬೆಳೆಯುವ ಕರಬೂಜದ ಅನೇಕ ತಳಿಗಳಲ್ಲಿ ಗಂಡು ಹೂಗಳೂ ದ್ವಿಲಿಂಗಿ ಹೂಗಳೂ ಒಂದೇ ಬಳ್ಳಿಯಲ್ಲಿರುತ್ತವೆ. ಫ್ರಾನ್ಸಿನ ತಂಡವೊಂದು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದರ ಕಾರಣ ಪ್ರಕಟಿಸಿತು. ಎಥಿಲೀನ್ ತಯಾರಿಸುವ ಒಂದು ಜೀನು ಹೆಣ್ಣು ಮೊಗ್ಗಿನ ಕಾರ್ಪೆಲ್‌ನಲ್ಲಿ ಕೆಲಸ ಮಾಡಿ ಪಕ್ಕದ ಕೇಸರವನ್ನು ತಡೆಯುತ್ತದೆ; ಆ ಜೀನು ಕೆಟ್ಟರೆ ಕೇಸರ ಬೆಳೆದು ಹೂ ದ್ವಿಲಿಂಗಿಯಾಗುತ್ತದೆ. ಮರುವರ್ಷ ನೇಚರ್ ಪತ್ರಿಕೆಯಲ್ಲಿ ಇನ್ನೊಂದು ಜೀನಿನ ಕಥೆ ಬಂತು. ಅದು ಕಾರ್ಪೆಲನ್ನು ತಡೆದು ಗಂಡು ಹೂ ಮಾಡುವ ಜೀನು. ರಾಣೆಬೆನ್ನೂರಿನಲ್ಲಿ, ಮರಾಠವಾಡಾದ ಜಾಲನಾದಲ್ಲಿ ಹೈಬ್ರಿಡ್ ಬೀಜದ ಉದ್ಯಮ ದೊಡ್ಡದು. ಬೀಜದ ಪ್ಲಾಟುಗಳಲ್ಲಿ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುವ ಹೆಣ್ಣುಮಕ್ಕಳ ದಿನಗೂಲಿಯ ಕೆಲಸ ನಿಂತಿರುವುದು ಮೊಗ್ಗಿನೊಳಗಿನ ಈ ತಡೆಯ ಮೇಲೆ. ಎಳೆ ಬಳ್ಳಿಗೆ ಎಥಿಲೀನ್ ಬಿಡುವ ಎಥ್ರೆಲ್ ಸಿಂಪಡಿಸಿದರೆ ಹೆಣ್ಣು ಹೂ ಹೆಚ್ಚುತ್ತದೆ. ಬೆಳ್ಳಿಯ ಲವಣ ಸಿಂಪಡಿಸಿದರೆ ಬಳ್ಳಿಗೆ ಎಥಿಲೀನಿನ ಸೂಚನೆ ತಲುಪುವುದಿಲ್ಲ, ಹೆಣ್ಣು ಹೂ ಮಾತ್ರ ಬಿಡುವ ಸೌತೆಯೂ ಗಂಡು ಹೂ ಬಿಡುತ್ತದೆ. ಕರ್ಟುಲೆಯ ಹೆಣ್ಣು ಬಳ್ಳಿಗೆ ಬೆಳ್ಳಿ ನೈಟ್ರೇಟ್ ಕೊಟ್ಟಾಗ ನಿಂತಿದ್ದ ಕೇಸರ ಎದ್ದು ಹೂ ದ್ವಿಲಿಂಗಿಯಾದ ಪ್ರಯೋಗಗಳೂ ನಡೆದಿವೆ. ನಿಂತದ್ದು ಸತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ತೊಂಡೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಯಾಕೆಂದರೆ ಇದರ ಚರಿತ್ರೆ ಮಹಾರಾಷ್ಟ್ರದ್ದೇ. ತೊಂಡೆಯಲ್ಲೂ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ನಾವು ತಿನ್ನುವ ತೊಂಡೆ ಹೆಣ್ಣು ಬಳ್ಳಿಯ ಕಡ್ಡಿ ನೆಟ್ಟು ಬೆಳೆಸಿದ್ದು. 1940ರಲ್ಲಿ ಪುಣೆಯಲ್ಲಿ ಕೆಲಸ ಮಾಡುತ್ತಿದ್ದ ಎಲ್. ಎಸ್. ಎಸ್. ಕುಮಾರ್ ಮತ್ತು ಜಿ. ಬಿ. ದೇವಡೀಕರ್ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್‌ನಲ್ಲಿ ತೊಂಡೆಯ ಲಿಂಗ ಕ್ರೋಮೋಸೋಮುಗಳ ಬಗ್ಗೆ ಬರೆದರು. ಬಳ್ಳಿಯಲ್ಲಿ 24 ಕ್ರೋಮೋಸೋಮುಗಳು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ. ಮನುಷ್ಯರ ವೈ ಚಿಕ್ಕದು; ತೊಂಡೆಯ ವೈ ಉಳಿದೆಲ್ಲ ಕ್ರೋಮೋಸೋಮುಗಳಿಗಿಂತ ದೊಡ್ಡದು, ಸೂಕ್ಷ್ಮದರ್ಶಕದಲ್ಲಿ ನೋಡಿದ ಕೂಡಲೇ ಗುರುತಾಗುತ್ತದೆ. ಸಸ್ಯಗಳಲ್ಲಿ ಇಂಥ ಸ್ಪಷ್ಟ ಲಿಂಗ ಕ್ರೋಮೋಸೋಮ್ ಬಹಳ ಅಪರೂಪ. ಇಷ್ಟು ಗಟ್ಟಿಯಾಗಿ ಕ್ರೋಮೋಸೋಮೇ ಲಿಂಗವನ್ನು ತೀರ್ಮಾನಿಸಿದ ಮೇಲೂ ಹೆಣ್ಣು ಹೂವಿನ ಬಿಳಿ ದಳಗಳ ಒಳಗೆ ಮೂರು ಬಡಕಲು ಕೇಸರಗಳು ಉಳಿದೇ ಇವೆ. 2014ರಲ್ಲಿ ಪುಣೆಯ ಐಸರ್ ಸಂಸ್ಥೆಯ ತಂಡ ತೊಂಡೆಯ ಹೂ ಬೆಳವಣಿಗೆಯನ್ನು ಸೀಳುಗಳಲ್ಲಿ ಹಂತಹಂತವಾಗಿ ಓದಿ, ಹೆಣ್ಣು ಬಳ್ಳಿಗೆ ಬೆಳ್ಳಿ ನೈಟ್ರೇಟ್ ಕೊಟ್ಟು ನೋಡಿತು. ವೈ ಇಲ್ಲದ ಬಳ್ಳಿಯಲ್ಲೂ ಕೇಸರ ಬೆಳೆಯಿತು. ಎಪ್ಪತ್ತು ವರ್ಷದ ಅಂತರದಲ್ಲಿ ಒಂದೇ ಊರಿನಲ್ಲಿ ಒಂದೇ ಬಳ್ಳಿಯ ಮೇಲೆ ನಡೆದ ಈ ಎರಡು ಕೆಲಸಗಳನ್ನು ವಿದ್ಯಾರ್ಥಿಗಳು ಅಕ್ಕಪಕ್ಕ ಇಟ್ಟು ಓದಬೇಕು.

ಕಾರ್ಪೆಲ್ ಎಂಬ ಮಾತನ್ನು ಮತ್ತೆ ಮತ್ತೆ ಬಳಸಿದೆ. ಕನ್ನಡಿಗರಾಗಿ ಇಲ್ಲಿ ನಾವು ಒಂದು ಹೆಸರನ್ನು ನೆನೆಯಬೇಕು. ‘ಹಸುರು ಹೊನ್ನು’ವಿನ ಬಿ. ಜಿ. ಎಲ್. ಸ್ವಾಮಿಯವರು ನಮಗೆ ಲೇಖಕರಾಗಿ ಪರಿಚಿತರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಗತ್ತಿನ ಸಸ್ಯವಿಜ್ಞಾನಿಗಳಿಗೆ ಅವರು ಗೊತ್ತಿರುವುದು ಇನ್ನೊಂದು ಕಾರಣಕ್ಕೆ. 1951ರಲ್ಲಿ ಹಾರ್ವರ್ಡ್‌ನ ಐ. ಡಬ್ಲ್ಯು. ಬೇಲಿ ಅವರೊಂದಿಗೆ ಬರೆದ ಲೇಖನದಲ್ಲಿ, ಆದಿಮ ಕಾರ್ಪೆಲ್ ಎಂದರೆ ನಡುನರದ ಉದ್ದಕ್ಕೂ ಮಡಿಚಿಕೊಂಡ, ಅಂಚುಗಳು ಪೂರ್ತಿ ಬೆಸೆಯದ ಎಲೆಯಂಥ ಅಂಗ ಎಂದು ಅವರು ವಾದಿಸಿದರು. ಆ ವಾದ ನಿಂತದ್ದು ಸಾಲುಸೀಳುಗಳ ಮೇಲೆ, ನಾಳಕೂರ್ಚಗಳ ದಾರಿಯ ಮೇಲೆ. ಹೂವಿನ ಅಂಗ ಕಣ್ಮರೆಯಾದರೂ ಅದಕ್ಕೆ ಹೋಗುತ್ತಿದ್ದ ನಾಳ ಎಷ್ಟೋ ಸಲ ಉಳಿದಿರುತ್ತದೆ, ಮನೆಗೆ ಪೈಪು ಎಳೆದು ನಲ್ಲಿ ಕೂರಿಸದೆ ಬಿಟ್ಟ ಹಾಗೆ. ಈ ಉಳಿದ ನಾಳಗಳಿಂದ ವಿಕಾಸದ ಚರಿತ್ರೆಯನ್ನು ಎಷ್ಟು ದೂರ ಓದಬಹುದು ಎಂಬ ಬಗ್ಗೆ ಜಗಳವಿದೆ. ಪುರಿಯವರು 1951ರಲ್ಲಿ ಇದರ ಪರವಾಗಿ ವಿಸ್ತಾರವಾಗಿ ಬರೆದರು. 1969ರಲ್ಲಿ ಷರ್ವಿನ್ ಕಾರ್ಲ್‌ಕ್ವಿಸ್ಟ್ ದಿಲ್ಲಿಯಿಂದ ಬರುತ್ತಿದ್ದ ಫೈಟೋಮಾರ್ಫಾಲಜಿ ಪತ್ರಿಕೆಯಲ್ಲಿ ಕಟುವಾಗಿ ವಿರೋಧಿಸಿದರು: ನಾಳ ಹೋಗುವುದು ಅಂಗಕ್ಕೆ ನೀರು ಆಹಾರ ಬೇಕಾದ ಕಾರಣಕ್ಕೆ, ಪೂರ್ವಜರ ನೆನಪಿಗಲ್ಲ ಎಂದು. ನನ್ನ ಮಟ್ಟಿಗೆ ಕಾರ್ಲ್‌ಕ್ವಿಸ್ಟರ ಎಚ್ಚರಿಕೆ ಸರಿ. ಆದರೆ ಅದು ಸೀಳು ತೆಗೆಯುವುದನ್ನು ಬಿಡಲು ಕಾರಣವಲ್ಲ, ಎಳೆಯ ಮೊಗ್ಗಿನಿಂದಲೇ ಸೀಳಲು ಕಾರಣ.

ಇನ್ನು ಛತ್ರಪತಿ ಸಂಭಾಜಿನಗರದ ಕಡೆಗೆ. ಹಿಂದಿನ ಔರಂಗಾಬಾದ್. ಸಸ್ಯವಿಜ್ಞಾನಿ ವಿ. ಎನ್. ನಾಯಕ್ ಅವರ ಮರಾಠವಾಡಾ ಸಸ್ಯಸಂಪತ್ತಿನ ಗ್ರಂಥ 1998ರಲ್ಲಿ ಬಂತು. ಒಣ ಬಯಲಿನ ಆ ಪ್ರದೇಶದಲ್ಲಿ, ಬೇಲಿಗಳ ಮೇಲೂ ಗೌತಾಳಾ ಅಭಯಾರಣ್ಯದ ಕಡೆಯ ಕುರುಚಲು ಕಾಡಿನಲ್ಲೂ, ಎರಡು ಬಳ್ಳಿಗಳು ಧಾರಾಳ. ಒಂದು ಗುಳವೇಲ್, ನಮ್ಮ ಅಮೃತಬಳ್ಳಿ. ಇನ್ನೊಂದು ವಾಸನವೇಲ್, ನಮ್ಮ ದಾಗಡಿಬಳ್ಳಿ, ಎಲೆ ಕಿವುಚಿ ನೀರಿಗೆ ಹಾಕಿದರೆ ನೀರು ಗಟ್ಟಿಯಾಗಿ ಕೂರುತ್ತದಲ್ಲ, ಅದು. ಎರಡರಲ್ಲೂ ಗಂಡು ಹೆಣ್ಣು ಬಳ್ಳಿಗಳು ಬೇರೆ. ಹೂ ಸಾಸಿವೆಗಿಂತ ಸ್ವಲ್ಪ ದೊಡ್ಡದು, ಹಸಿರು ಹಳದಿ, ಯಾರೂ ಗಮನಿಸುವುದಿಲ್ಲ.

ಅಮೃತಬಳ್ಳಿಯ ಹೆಣ್ಣು ಹೂವಿನಲ್ಲಿ ಮೂರು ಕಾರ್ಪೆಲ್‌ಗಳು ಬಿಡಿಬಿಡಿಯಾಗಿ ನಿಂತಿರುತ್ತವೆ, ಸುತ್ತ ಆರು ನಿಷ್ಫಲ ಕೇಸರಗಳು. ಪ್ರತಿ ಕಾರ್ಪೆಲ್‌ನಲ್ಲಿ ಎರಡು ಅಂಡಕ ಹುಟ್ಟಿ, ಒಂದು ಸೊರಗಿ, ಒಂದೇ ಬೀಜವಾಗುತ್ತದೆ. ಗಂಡು ಹೂ ಅರಳಿದಾಗ ಆರು ಕೇಸರಗಳು ಮಾತ್ರ. ನಡುವೆ ಕಾರ್ಪೆಲ್‌ನ ಗುಬುಟು ಕೂಡ ಇಲ್ಲ. ಸೌತೆಯಲ್ಲಿ ಎರಡೂ ಕಡೆ ಕುರುಹು ಉಳಿದರೆ, ಇಲ್ಲಿ ಹೆಣ್ಣಿನಲ್ಲಿ ಗಂಡಿನ ಕುರುಹು ಇದೆ, ಗಂಡಿನಲ್ಲಿ ಹೆಣ್ಣಿನದು ಇಲ್ಲ. ಒಂದೇ ಕುಟುಂಬದೊಳಗೆ, ಒಂದೇ ಜಾತಿಯ ಎರಡು ಲಿಂಗಗಳಲ್ಲಿ, ನಿಲುಗಡೆ ಸಮಾನವಾಗಿರಬೇಕಿಲ್ಲ ಎಂಬುದನ್ನು ಅಮೃತಬಳ್ಳಿ ಕಲಿಸುತ್ತದೆ. ಕಷಾಯಕ್ಕೆ ಕಾಂಡ ಕಡಿಯುವ ನಮಗೆ ಇದರ ಹೂ ಒಮ್ಮೆಯಾದರೂ ಕಣ್ಣಿಗೆ ಬೀಳಲಿ.

ಮತ್ತೆ ನಾಸಿಕಕ್ಕೆ, ದ್ರಾಕ್ಷಿಗೆ. ದ್ರಾಕ್ಷಿಯ ಹೂ ದ್ವಿಲಿಂಗಿ ಎಂದೆ. ಕಾಡಿನ ದ್ರಾಕ್ಷಿ ಹಾಗಲ್ಲ. ಯುರೋಪು ಮತ್ತು ಪಶ್ಚಿಮ ಏಷ್ಯಾದ ಕಾಡುದ್ರಾಕ್ಷಿಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ನಾಸಿಕದಲ್ಲಿ ಕಸಿಗೆ ಬುಡವಾಗಿ ಬಳಸುವ ಡಾಗ್‌ರಿಜ್ ಮೊದಲಾದವುಗಳ ಮೂಲವಾದ ಅಮೆರಿಕದ ಕಾಡುಜಾತಿಗಳೂ ಹಾಗೇ. ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಆರಿಸಿಕೊಂಡದ್ದು ಅಪರೂಪಕ್ಕೆ ಹುಟ್ಟಿದ ದ್ವಿಲಿಂಗಿ ಬಳ್ಳಿಯನ್ನು. ಪಕ್ಕದಲ್ಲಿ ಗಂಡು ಬಳ್ಳಿ ಬೇಡ, ಪ್ರತಿ ಬಳ್ಳಿಯೂ ಗೊನೆ ಕೊಡುತ್ತದೆ. ಇಲ್ಲವಾಗಿದ್ದರೆ ನಾಸಿಕದ ಬೆಳೆಗಾರನೂ ಕರ್ಟುಲೆಯವನಂತೆ ಗಂಡು ಬಳ್ಳಿಗೆ ಜಾಗ ಬಿಡಬೇಕಿತ್ತು.

ಕಾಡುದ್ರಾಕ್ಷಿಯ ಹೆಣ್ಣು ಹೂವನ್ನು ನೋಡಿದರೆ ಮೊದಲು ಗೊಂದಲವಾಗುತ್ತದೆ. ಕೇಸರಗಳು ಇವೆ, ಗಿಡ್ಡವಾಗಿ ಹಿಂದಕ್ಕೆ ಬಾಗಿವೆ. ಪರಾಗಕೋಶ ಇದೆ, ಪರಾಗವೂ ಇದೆ. ಆದರೂ ಅದು ಹೆಣ್ಣು. ತೊಡಕು ಪರಾಗ ಕಣದ ಗೋಡೆಯಲ್ಲಿದೆ. ಸರಿಯಾದ ದ್ರಾಕ್ಷಿ ಪರಾಗಕ್ಕೆ ಮೂರು ಸೀಳುಬಾಯಿಗಳು. ಅವುಗಳ ಮೂಲಕ ಪರಾಗನಾಳ ಹೊರಡುತ್ತದೆ. ಹೆಣ್ಣು ಹೂವಿನ ಪರಾಗಕ್ಕೆ ಬಾಯಿಯೇ ಇಲ್ಲ. ಎಲ್ಲ ತಯಾರಾಗಿ, ಕಣವೂ ಆಗಿ, ಹೊರಬರುವ ದಾರಿಯಲ್ಲಿ ನಿಂತಿದೆ. ಸೌತೆಯ ಕೇಸರ ಮೊಳಕೆಯಲ್ಲೇ ನಿಂತರೆ ದ್ರಾಕ್ಷಿಯ ಕೇಸರ ಕೊನೆಯ ಹೆಜ್ಜೆಯಲ್ಲಿ ನಿಂತಿತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನಡೆದು 2020ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಬಂದ ಅಧ್ಯಯನ, ಪರಾಗದ ಬಾಯಿಗೆ ಬೇಕಾದ ಒಂದು ಜೀನಿನಲ್ಲಿ ಎಂಟು ಅಕ್ಷರಗಳಷ್ಟು ಡಿಎನ್‌ಎ ಕಳೆದುಹೋದದ್ದನ್ನು ಇದರೊಂದಿಗೆ ಜೋಡಿಸಿತು. ಗಂಡಿನ ಮತ್ತು ಹೆಣ್ಣಿನ ಡಿಎನ್‌ಎ ಕ್ರಮಗಳ ನಡುವೆ ನಡೆದ ಅಪರೂಪದ ಮರುಜೋಡಣೆಯಿಂದ ದ್ವಿಲಿಂಗಿ ದ್ರಾಕ್ಷಿ ಬಂತು ಎಂಬುದೂ ಅದೇ ಅಧ್ಯಯನದ ಮಾತು.

ಗಂಡು ಕಾಡುದ್ರಾಕ್ಷಿಯಲ್ಲಿ ಅಂಡಾಶಯ ಚಿಕ್ಕದಾಗಿ ಇರುತ್ತದೆ, ಶಲಾಕೆ ಮತ್ತು ಶಲಾಕಾಗ್ರ ಬೆಳೆದಿರುವುದಿಲ್ಲ. ಎಸ್. ಎಸ್. ನೇಗಿ ಮತ್ತು ಎಚ್. ಪಿ. ಓಲ್ಮೊ 1966ರಲ್ಲಿ ಸೈನ್ಸ್ ಪತ್ರಿಕೆಗೆ ಬರೆದ ಪುಟ್ಟ ಪ್ರಬಂಧ ನನಗೆ ಬಹಳ ಪ್ರಿಯವಾದುದು. ಗಂಡು ಬಳ್ಳಿಯ ಹೂಗೊಂಚಲುಗಳಿಗೆ ಅರಳುವ ಮೊದಲು ಸೈಟೋಕೈನಿನ್ ಎಂಬ ಬೆಳವಣಿಗೆಯ ಹಾರ್ಮೋನಿನ ಬಗೆಯ ರಾಸಾಯನಿಕ ಕೊಟ್ಟರು. ನಿಂತಿದ್ದ ಶಲಾಕೆ ಎದ್ದಿತು, ಗಂಡು ಬಳ್ಳಿ ಹಣ್ಣು ಕೊಟ್ಟಿತು. ಸೌತೆಯ ಕುಟುಂಬದಲ್ಲಿ ಎಥಿಲೀನಿನ ಪಾತ್ರವನ್ನು ಇಲ್ಲಿ ಸೈಟೋಕೈನಿನ್ ವಹಿಸುತ್ತದೆ. ನಿಲುಗಡೆ ಬೇರೆ ಬೇರೆ ಕುಲಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ ಎಂಬುದು ಇದರಿಂದ ತಿಳಿಯುತ್ತದೆ.

ದ್ವಿಲಿಂಗಿ ದ್ರಾಕ್ಷಿಯಲ್ಲಿ ನಿಲುಗಡೆಯೇ ಇಲ್ಲ ಎನ್ನುವ ಹಾಗಿಲ್ಲ. ನಾಸಿಕದಿಂದ ಹೊರದೇಶಕ್ಕೆ ಹೋಗುವ ಥಾಮ್ಸನ್ ಸೀಡ್‌ಲೆಸ್‌ನ ಅಂಡಾಶಯದಲ್ಲಿ ನಾಲ್ಕು ಅಂಡಕಗಳಿವೆ, ಪರಾಗ ತಲುಪುತ್ತದೆ, ಗರ್ಭಕಟ್ಟುವಿಕೆಯೂ ಆಗುತ್ತದೆ. ಆಮೇಲೆ ಭ್ರೂಣ ಸೊರಗುತ್ತದೆ. ಹಣ್ಣನ್ನು ಉದ್ದಕ್ಕೆ ಸೀಳಿ ನೋಡಿದರೆ ಎಳೆಯಂಥ ಬೀಜದ ಕುರುಹು ಸಿಗುತ್ತದೆ. ಬೀಜ ಬೆಳೆಯದ ಕಾರಣ ಅದು ಒದಗಿಸಬೇಕಿದ್ದ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಹಣ್ಣಿಗೆ ಸಾಲದೆ ಕಾಳು ಸಣ್ಣದಾಗುತ್ತದೆ. ಬೆಳೆಗಾರರು ಗೊನೆಯನ್ನು ಜಿಬ್ಬರೆಲಿನ್ (ಜಿಎ) ದ್ರಾವಣದಲ್ಲಿ ಅದ್ದುವುದು ಆ ಕೊರತೆ ತುಂಬಲು.

ಕೊನೆಯದಾಗಿ, ದ್ರಾಕ್ಷಿ ಹೂವಿಗೂ ಬಳ್ಳಿತನಕ್ಕೂ ಇರುವ ನಂಟು. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಪುಸ್ತಕರೂಪ ಕೊಟ್ಟ ಹಬ್ಬುವ ಸಸ್ಯಗಳ ಅಧ್ಯಯನದಲ್ಲಿ, ದ್ರಾಕ್ಷಿಯ ಹೂಗೊಂಚಲು ಮತ್ತು ಆಸರೆಗೆ ಸುತ್ತಿಕೊಳ್ಳುವ ಕುಡಿಬಳ್ಳಿಯ ನಡುವಿನ ಎಲ್ಲ ಹಂತಗಳನ್ನೂ ತಾನು ಕಂಡದ್ದನ್ನು ದಾಖಲಿಸಿದ. ಎರಡೂ ಮೊಗ್ಗಿನೊಳಗಿನ ಒಂದೇ ಮೂಲದಿಂದ ಹುಟ್ಟುತ್ತವೆ. ಸಿ. ಶ್ರೀನಿವಾಸನ್ ಮತ್ತು ಎಂ. ಜಿ. ಮುಲ್ಲಿನ್ಸ್ 1978ರಲ್ಲಿ ಬಿಡಿಸಿ ಬೆಳೆಸಿದ ಕುಡಿಬಳ್ಳಿಗಳಿಗೆ ಸೈಟೋಕೈನಿನ್ ಕೊಟ್ಟು ಅವು ಹೂಗೊಂಚಲಾಗುವುದನ್ನು ತೋರಿಸಿದರು. 2002ರಲ್ಲಿ ಆಸ್ಟ್ರೇಲಿಯಾದ ಬಾಸ್ ಮತ್ತು ಥಾಮಸ್, ಜಿಬ್ಬರೆಲಿನ್‌ಗೆ ಓಗೊಡದ ಕುಳ್ಳ ಬಳ್ಳಿಯೊಂದರಲ್ಲಿ ಕುಡಿಬಳ್ಳಿಗಳ ಜಾಗದಲ್ಲೆಲ್ಲ ಹೂಗೊಂಚಲು ಬಂದದ್ದನ್ನು ನೇಚರ್‌ನಲ್ಲಿ ವರದಿ ಮಾಡಿದರು. ಜಿಬ್ಬರೆಲಿನ್ ಹೆಚ್ಚಾದರೆ ಆ ಮೂಲ ಹಬ್ಬುವ ಕಡೆಗೆ, ಸೈಟೋಕೈನಿನ್ ಹೆಚ್ಚಾದರೆ ಹೂವಿನ ಕಡೆಗೆ ವಾಲುತ್ತದೆ.

ನಾಸಿಕದ ರೈತರಿಗೆ ಇದು ಪ್ರತಿವರ್ಷದ ಅನುಭವ. ಅಕ್ಟೋಬರಿಗೆ ಮೊದಲಿನ ಏಪ್ರಿಲ್ ಚಾಟ್ನಿಯಾದ ಮೇಲೆ ಸುಮಾರು 40ರಿಂದ 60 ದಿನಗಳ ಹೊತ್ತಿಗೆ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊನೆ ರೂಪಗೊಳ್ಳುತ್ತದೆ. ಆ ದಿನಗಳಲ್ಲಿ ಮೋಡ ಕವಿದು ಎಲೆಗೆ ಬಿಸಿಲು ಕಡಿಮೆಯಾದರೆ, ಬಳ್ಳಿ ಸೊಕ್ಕಿ ಬೆಳೆದರೆ, ಗೊನೆ ಸರಿಯಾಗಿ ಕಟ್ಟುವುದಿಲ್ಲ. ಅಕ್ಟೋಬರ್ ಚಾಟ್ನಿಯ ನಂತರ ಚಿಗುರಿನ ಜೊತೆ ಹೊರಬಂದ ಪುಟ್ಟ ಗೊಂಚಲು ಕಣ್ಣೆದುರೇ ಕುಡಿಬಳ್ಳಿಯಾಗಿ ಹೋಗುತ್ತದೆ. ಅವರು ಅದಕ್ಕೆ ‘ಘಡ ಜಿರಣೆ’ ಎನ್ನುತ್ತಾರೆ. ಅದನ್ನು ತಡೆಯಲು ಏಪ್ರಿಲ್ ಹಂಗಾಮಿನಲ್ಲಿ ಸಿಸಿಸಿ ಸಿಂಪಡಿಸುತ್ತಾರೆ, ಅದು ಬಳ್ಳಿಯೊಳಗೆ ಜಿಬ್ಬರೆಲಿನ್ ತಯಾರಾಗುವುದನ್ನು ತಗ್ಗಿಸುತ್ತದೆ. ಅಕ್ಟೋಬರ್ ಹಂಗಾಮಿನ ಎಳೆ ಚಿಗುರಿಗೆ 6ಬಿಎ ಸಿಂಪಡಿಸುತ್ತಾರೆ, ಅದು ನೇಗಿ ಮತ್ತು ಓಲ್ಮೊ ಗಂಡು ಹೂವಿಗೆ ಕೊಟ್ಟ ಗುಂಪಿನದೇ ರಾಸಾಯನಿಕ. ಮುಂಚೆಯೇ ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಕಣ್ಣನ್ನು ಸೀಳಿ, ಎಷ್ಟನೆಯ ಕಣ್ಣಿನಲ್ಲಿ ಗೊನೆ ಕಟ್ಟಿದೆ ಎಂದು ನೋಡಿಸಿಕೊಂಡು, ಎಷ್ಟು ಕಣ್ಣು ಬಿಟ್ಟು ಚಾಟ್ನಿ ಮಾಡಬೇಕು ಎಂದು ತೀರ್ಮಾನಿಸುವ ಬೆಳೆಗಾರರೂ ಇದ್ದಾರೆ.